ಯಂತ್ರದ ಕಂಠವನ್ನು ತಿದ್ದುವ ಬಗೆ

ಬಾಗಿಲ ಹೊರಗೆ ನಿಂತು ಯಾರಾದರೂ ಒಂದೇ ಒಂದು ಮಾತನ್ನಾಡಿದರೂ ಸಾಕು; ಆಡಿದವರು ಹೆಂಗಸೋ ಗಂಡಸೋ, ಮುದುಕರೋ ಮಕ್ಕಳೋ ಎಂಬುದನ್ನು, ಪರಿಚಿತರಾದರೆ ಇಂಥವರೇ ಎಂಬುದನ್ನು ಸಹ, ಮುಖ ಕಾಣದೆಯೇ ನಾವು ಹೇಳಬಲ್ಲೆವು. ಮಾತಿನ ಅರ್ಥ ಒಂದು, ಅದನ್ನು ಹೊತ್ತು ತರುವ ಧ್ವನಿ ಇನ್ನೊಂದು. ಅರ್ಥವನ್ನು ಅಕ್ಷರಗಳಲ್ಲಿ ಬರೆದಿಡಬಹುದು. ಧ್ವನಿ ಅಕ್ಷರಗಳಿಗೆ ಸಿಕ್ಕುವುದಿಲ್ಲ. ಹೀಗಿರುವಾಗ, ಬರೆದುದನ್ನು ಯಂತ್ರವೊಂದು ಗಟ್ಟಿಯಾಗಿ ಓದಬೇಕಾದರೆ ಅದು ಯಾರ ಧ್ವನಿಯಲ್ಲಿ ಓದಬೇಕು? ಆ ಧ್ವನಿ ನಮಗೆ ಹಿಡಿಸದಿದ್ದರೆ ಅದನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ನಮಗಿರುವುದೇ?

ಈ ಪ್ರಶ್ನೆ ವಿನೋದಕ್ಕಾಗಿ ಹುಟ್ಟಿದುದಲ್ಲ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನು ಪರೀಕ್ಷೆಗೆ ಓದಬೇಕಾದರೆ ಪಠ್ಯವನ್ನು ಕಂಪ್ಯೂಟರಿನಿಂದ ಓದಿಸಿಕೊಂಡು ಕೇಳುವನು. ದಿನಕ್ಕೆ ಹಲವು ಗಂಟೆಗಳ ಕಾಲ ಅವನ ಕಿವಿಯ ಮೇಲೆ ಬೀಳುವುದು ಆ ಒಂದೇ ಧ್ವನಿ. ಅದು ಕೀರಲಾಗಿದ್ದರೆ ತಲೆ ಸಿಡಿಯುವುದು; ನಿಧಾನವಾಗಿದ್ದರೆ ಪಾಠ ಮುಗಿಯದು; ಅವಸರದ್ದಾದರೆ ಅರ್ಥವಾಗದು. ಇನ್ನು, ರೋಗದಿಂದ ಮಾತನ್ನೇ ಕಳೆದುಕೊಂಡವರಿಗೆ ಯಂತ್ರದ ಧ್ವನಿಯೇ ತಮ್ಮ ಧ್ವನಿಯಾಗುವುದು. ಪ್ರಸಿದ್ಧ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರು 1985ರಲ್ಲಿ ನ್ಯುಮೋನಿಯಾದಿಂದ ನರಳಿದಾಗ, ಜೀವವುಳಿಸಲೆಂದು ವೈದ್ಯರು ಅವರ ಶ್ವಾಸನಾಳಕ್ಕೆ ಶಸ್ತ್ರಚಿಕಿತ್ಸೆ ನಡೆಸಬೇಕಾಯಿತು. ಅದುವರೆಗೆ ಉಳಿದಿದ್ದ ತೊದಲು ಮಾತೂ ಅಲ್ಲಿಗೆ ನಿಂತುಹೋಯಿತು. ಆ ಮೇಲೆ 2018ರಲ್ಲಿ ಕಾಲವಾಗುವವರೆಗೂ ಅವರು ಲೋಕದೊಡನೆ ಮಾತನಾಡಿದುದು ಯಂತ್ರದ ಕಂಠದಿಂದ. ಇಂಗ್ಲೆಂಡಿನವರಾದ ಅವರಿಗೆ ದೊರೆತುದು ಅಮೆರಿಕದ ಉಚ್ಚಾರಣೆಯ ಧ್ವನಿ! ಆದರೂ, ಮುಂದೆ ಅದಕ್ಕಿಂತ ಸಹಜವಾದ ಧ್ವನಿಗಳು ಬಂದಾಗ ಅವರು ಅವನ್ನು ಒಲ್ಲೆನೆಂದರು. ಲೋಕ ಅವರನ್ನು ಗುರುತಿಸುತ್ತಿದ್ದುದು ಆ ಧ್ವನಿಯಿಂದ. ಅವರೂ ಅದನ್ನೇ ತಮ್ಮದೆಂದು ಒಪ್ಪಿಕೊಂಡಿದ್ದರು. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳು ಮಾತು ಕಳೆದುಕೊಂಡರೆ, ಅವಳೂ ಅದೇ ಪ್ರೌಢ ಪುರುಷನ ಧ್ವನಿಯಲ್ಲಿ ತಾಯಿಯನ್ನು ಕರೆಯಬೇಕೇ?

ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯ ಆಂತರ್ಯವೆಲ್ಲ ಬಹಿರಂಗ. ಅದರೊಡನೆ ಬರುವ ತಂತ್ರಾಂಶಗಳಲ್ಲಿ ಬಹುಪಾಲಿನವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಮಾತನಾಡುವ ತಂತ್ರಾಂಶಗಳೂ ಹೀಗೆಯೇ ಹಲವು ದೊರೆಯುವುವು. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಹೊಸಬರು ಸಾಮಾನ್ಯವಾಗಿ, "ಯಾವುದು ಮನುಷ್ಯನ ಹಾಗೆ ಮಾತನಾಡುವುದು?" ಎಂದು ಕೇಳುವರು. ಧ್ವನಿಯನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬೇಕೆಂಬವರು ಕೇಳಬೇಕಾದ ಪ್ರಶ್ನೆ ಬೇರೆ: "ಈ ಧ್ವನಿಯನ್ನು ಯಾವ ವಿಧಾನದಿಂದ ಕಟ್ಟಿದ್ದಾರೆ?" ಯಾವ ಗುಣವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದನ್ನು ನಿರ್ಧರಿಸುವುದು ಕಟ್ಟಿದ ವಿಧಾನವೇ. ಇದು ಮನದಟ್ಟಾಗಬೇಕಾದರೆ ಮೊದಲು ನಮ್ಮ ಗಂಟಲಿನ ಕಡೆಗೆ ತಿರುಗಬೇಕು.

ಕೊಳವೆಯೊಳಗಿನ ಗಾಳಿ

ಶ್ವಾಸಕೋಶಗಳಿಂದ ಹೊರಡುವ ಗಾಳಿ ಧ್ವನಿಪೆಟ್ಟಿಗೆಯಲ್ಲಿನ ಎರಡು ಮಡಿಕೆಗಳ ನಡುವೆ ನುಗ್ಗುವಾಗ ಅವು ಅದುರುವುವು. ವಯಸ್ಕ ಪುರುಷನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಸ್ತ್ರೀಯಲ್ಲಿ ಸುಮಾರು 200 ಸಲ, ಎಳೆಯ ಮಕ್ಕಳಲ್ಲಿ 300ರ ಆಸುಪಾಸಿನಲ್ಲಿ ಈ ಕಂಪನ ನಡೆಯುವುದು. ಇದೇ ಧ್ವನಿಯ ಸ್ಥಾಯಿ. ಸಂಗೀತಗಾರರು ಶ್ರುತಿ ಏರಿಸುವುದು, ಇಳಿಸುವುದು ಎನ್ನುವುದು ಇದನ್ನೇ ಕುರಿತು. ಆದರೆ ಮಡಿಕೆಗಳಿಂದ ಹೊರಡುವುದು ಬರಿಯ ಗುಂಯ್‌ಗುಡುವ ಸದ್ದು. ಅದರಲ್ಲಿ 'ಆ' ಇಲ್ಲ, 'ಈ' ಇಲ್ಲ. ಅದನ್ನು ಅಕ್ಷರವನ್ನಾಗಿ ಮಾಡುವುದು ಗಂಟಲಿನಿಂದ ತುಟಿಯವರೆಗಿನ ಕೊಳವೆ.

ಪುರುಷರಲ್ಲಿ ಈ ಕೊಳವೆಯ ಉದ್ದ ಸುಮಾರು 17 ಸೆಂಟಿಮೀಟರ್. ಕೆಳಗೆ ಮುಚ್ಚಿದ, ಮೇಲೆ ತೆರೆದ ಕೊಳವೆಯೊಳಗಿನ ಗಾಳಿ ಯಾವ ಕಂಪನಗಳಿಗೆ ಮರುದನಿ ಕೊಡುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಂಡಿರುವರು. ಶಬ್ದದ ವೇಗ ಸೆಕೆಂಡಿಗೆ 34,000 ಸೆಂಟಿಮೀಟರ್ ಎಂದಿಟ್ಟುಕೊಂಡು, ಅದನ್ನು ಉದ್ದದ ನಾಲ್ಕರಷ್ಟರಿಂದ, ಎಂದರೆ 68ರಿಂದ ಭಾಗಿಸಿದರೆ 500 ಹರ್ಟ್ಸ್ ಬರುವುದು. ಮುಂದಿನವು ಅದರ ಮೂರರಷ್ಟು, ಐದರಷ್ಟು: 1,500 ಮತ್ತು 2,500. ನಾಲಿಗೆಯನ್ನು ನಡುವೆ ಸಡಿಲವಾಗಿ ಬಿಟ್ಟು ಅಸ್ಪಷ್ಟವಾಗಿ 'ಅ' ಎಂದಾಗ ಸುಮಾರಾಗಿ ಈ ಮೂರು ಕಂಪನಗಳೇ ಬಲಗೊಳ್ಳುವುವು. ಇಂತಹ ಬಲಗೊಂಡ ಎಡೆಗಳಿಗೆ ಧ್ವನಿವಿಜ್ಞಾನಿಗಳು 'ಫಾರ್ಮಂಟ್' ಎನ್ನುವರು. ನಾವು ಸ್ವರಶೃಂಗಗಳು ಎನ್ನೋಣ. ನಾಲಿಗೆಯನ್ನು ಎತ್ತಿದರೆ, ತುಟಿಯನ್ನು ದುಂಡಗೆ ಮಾಡಿದರೆ ಕೊಳವೆಯ ಆಕಾರ ಬದಲಾಗಿ ಶೃಂಗಗಳು ಜಾಗ ಬದಲಿಸುವುವು. ಅಮೆರಿಕದಲ್ಲಿ ಪೀಟರ್ಸನ್ ಮತ್ತು ಬಾರ್ನಿ ಎಂಬವರು 1952ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಪುರುಷರ 'ಈ'ಕಾರದ ಮೊದಲೆರಡು ಶೃಂಗಗಳು ಸರಾಸರಿ 270 ಮತ್ತು 2,290 ಹರ್ಟ್ಸ್‌ನಲ್ಲಿಯೂ, 'ಊ'ಕಾರದವು 300 ಮತ್ತು 870ರಲ್ಲಿಯೂ, 'ಆ'ಕಾರದವು 730 ಮತ್ತು 1,090ರಲ್ಲಿಯೂ ಇರುವುವು. ಅವು ಇಂಗ್ಲಿಷ್ ಸ್ವರಗಳ ಅಳತೆಗಳಾದರೂ ನಮ್ಮ ಸ್ವರಗಳ ತತ್ತ್ವವೂ ಅದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ತ್ರೀಯರ ಕೊಳವೆ ಚಿಕ್ಕದು, ಉದ್ದ 14.5 ಸೆಂಟಿಮೀಟರ್ ಎಂದು ಹಿಡಿದರೆ ಮೊದಲನೆಯ ಶೃಂಗ 586 ಹರ್ಟ್ಸ್‌ಗೆ, ಎಂದರೆ ನೂರಕ್ಕೆ ಹದಿನೇಳರಷ್ಟು ಮೇಲಕ್ಕೆ ಏರುವುದು. ಮಡಿಕೆಗಳ ಕಂಪನವಾದರೋ ಸುಮಾರು ಇಮ್ಮಡಿಯಾಗುವುದು. ಸ್ಥಾಯಿ ಒಂದು ಲೆಕ್ಕದಲ್ಲಿ, ಶೃಂಗಗಳು ಇನ್ನೊಂದು ಲೆಕ್ಕದಲ್ಲಿ! ಆದುದರಿಂದಲೇ ಗಂಡಸಿನ ಧ್ವನಿಯ ಸ್ಥಾಯಿಯನ್ನು ಮಾತ್ರ ಏರಿಸಿದರೆ ಹೆಂಗಸಿನ ಧ್ವನಿಯಾಗದು. ನಾಟಕದಲ್ಲಿ ಸ್ತ್ರೀವೇಷ ಹಾಕಿದವನ ಕೀಚಲು ದನಿಯಾಗುವುದು. ಧ್ವನಿಮುದ್ರಣವನ್ನು ವೇಗವಾಗಿ ಓಡಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ಏರಿ ಗೊಂಬೆಯ ಮಾತಿನಂತೆ ಕೇಳುವುದು. ಇಷ್ಟೇ ಅಲ್ಲ. ಮೇಲೆ ಹೇಳಿದ ಅಳತೆಗಳಲ್ಲಿ ಸ್ತ್ರೀಯರ 'ಈ'ಕಾರದ ಶೃಂಗಗಳು 310 ಮತ್ತು 2,790. ಪುರುಷರ ಸಂಖ್ಯೆಗಳೊಡನೆ ಹೋಲಿಸಿದರೆ ಮೊದಲನೆಯದು ನೂರಕ್ಕೆ ಸುಮಾರು 15ರಷ್ಟು, ಎರಡನೆಯದು 22ರಷ್ಟು ಹೆಚ್ಚು. ಪ್ರತಿಯೊಂದು ಶೃಂಗಕ್ಕೂ ಅದರದೇ ಲೆಕ್ಕ. ಧ್ವನಿಯನ್ನು ನಿಜವಾಗಿ ತಿದ್ದಬೇಕಾದರೆ ಸ್ಥಾಯಿಗೆ ಒಂದು, ಒಂದೊಂದು ಶೃಂಗಕ್ಕೆ ಒಂದೊಂದು, ಹೀಗೆ ಬೇರೆಬೇರೆ ಕೀಲಿಗಳು ನಮ್ಮ ಕೈಗೆ ಸಿಕ್ಕಬೇಕು.

ಕೀಲಿಗಳುಳ್ಳ ಧ್ವನಿ

ಅಂತಹ ಕೀಲಿಗಳನ್ನು ಅಕ್ಷರಶಃ ಕೈಗೆ ಕೊಟ್ಟ ಯಂತ್ರವೊಂದನ್ನು 1939ರಲ್ಲಿ ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಜನ ಕಂಡರು. ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ ಅದರ ಹೆಸರು ವೋಡರ್. ಅದರ ಮುಂದೆ ಹಾರ್ಮೋನಿಯಮ್ ಬಾರಿಸುವವರಂತೆ ಕುಳಿತ ಯುವತಿ ಬೆರಳುಗಳಿಂದ ಅನುರಣನವನ್ನು, ಮಣಿಕಟ್ಟಿನಿಂದ ಗುಂಯ್‌ಗುಡುವ ಇಲ್ಲವೆ ಬುಸುಗುಡುವ ಸದ್ದನ್ನು, ಕಾಲಿನಿಂದ ಸ್ಥಾಯಿಯನ್ನು ನಿಯಂತ್ರಿಸಿ ಮಾತನ್ನು 'ನುಡಿಸು'ತ್ತಿದ್ದಳು. ಸರಿಯಾಗಿ ನುಡಿಸುವುದಕ್ಕೆ ಸುಮಾರು ಒಂದು ವರ್ಷದ ಅಭ್ಯಾಸ ಬೇಕಾಗುತ್ತಿದ್ದಿತಂತೆ.

ಆ ಯುವತಿಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದವರಲ್ಲಿ ಮುಖ್ಯರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಡೆನ್ನಿಸ್ ಕ್ಲಾಟ್. 1980ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಸ್ವರಶೃಂಗಗಳ ಲೆಕ್ಕದಿಂದ ಮಾತನ್ನು ಕಟ್ಟುವ ಇಡೀ ಪ್ರೋಗ್ರಾಮನ್ನು ಫೋರ್ಟ್ರಾನ್ ಭಾಷೆಯಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ 39 ನಿಯಂತ್ರಕ ಸಂಖ್ಯೆಗಳಿದ್ದುವು. ಸೆಕೆಂಡಿನ ಇನ್ನೂರನೆಯ ಒಂದು ಭಾಗಕ್ಕೊಮ್ಮೆ ಅವನ್ನು ಬದಲಾಯಿಸಬಹುದಾಗಿತ್ತು. ಕ್ಲಾಟರು ತಮ್ಮ ಸ್ವಂತ ಕಂಠವನ್ನೇ ಅಳೆದು ಅದರ ಮಾದರಿಯಲ್ಲಿ ಒಂದು ಯಂತ್ರಧ್ವನಿಯನ್ನು ಸಿದ್ಧಪಡಿಸಿದರು. ಹಾಕಿಂಗರು ತಮ್ಮದೆಂದು ಬಗೆದು ಕೊನೆಯವರೆಗೂ ಉಳಿಸಿಕೊಂಡುದು ಈ ಮನೆತನಕ್ಕೆ ಸೇರಿದ ಧ್ವನಿಯನ್ನೇ. ಕ್ಲಾಟರು 1988ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಂಠದ ನೆರಳು ಮಾತ್ರ ಆ ಮೇಲೂ ಮೂವತ್ತು ವರ್ಷ ವಿಶ್ವದ ಹುಟ್ಟನ್ನು ಕುರಿತು ಉಪನ್ಯಾಸ ಮಾಡುತ್ತಿದ್ದಿತು!

ಲಿನಕ್ಸ್ ಬಳಸುವವರಿಗೆ ಈ ಪದ್ಧತಿಯಲ್ಲಿ ಸುಲಭವಾಗಿ ದೊರೆಯುವ ತಂತ್ರಾಂಶ ಈಸ್ಪೀಕ್. ಇಂಗ್ಲೆಂಡಿನ ಜೊನಾಥನ್ ಡಡ್ಡಿಂಗ್ಟನ್ 1995ರಲ್ಲಿ ಏಕಾರ್ನ್ ಕಂಪ್ಯೂಟರುಗಳಿಗಾಗಿ ಬರೆದುದನ್ನು ಹಿಗ್ಗಿಸಿ 2006ರಲ್ಲಿ ಈ ಹೆಸರಿನಿಂದ ಬಿಡುಗಡೆ ಮಾಡಿದರು. 2015ರಲ್ಲಿ ರೀಸ್ ಡನ್ ಅದರಿಂದ ಈಸ್ಪೀಕ್-ಎನ್‌ಜಿ ಎಂಬ ಕವಲನ್ನು ತೆಗೆದು ಬೆಳೆಸಿದರು. ಇಂದು ಬಳಕೆಯಲ್ಲಿರುವುದು ಹೆಚ್ಚಾಗಿ ಇದೇ. ಕನ್ನಡವೂ ಸೇರಿ ನೂರಕ್ಕೂ ಹೆಚ್ಚು ಭಾಷೆ ಮತ್ತು ಉಚ್ಚಾರಣೆಗಳು ಇದರಲ್ಲಿರುವುವು. ಆದರೂ ಇಡೀ ತಂತ್ರಾಂಶ ಹಿಡಿಯುವ ಜಾಗ ಕೆಲವೇ ಮೆಗಾಬೈಟುಗಳು. ಯಾರ ಧ್ವನಿಯನ್ನೂ ಮುದ್ರಿಸಿಟ್ಟುಕೊಳ್ಳದೆ ಸ್ವರಗಳನ್ನು ಆಗಿಂದಾಗ ಲೆಕ್ಕ ಹಾಕಿ ಕಟ್ಟುವುದರಿಂದ ಇದು ಸಾಧ್ಯವಾಯಿತು.

ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಬಗೆಗಳಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಈಸ್ಪೀಕ್-ಎನ್‌ಜಿ' ಎಂಬ ಆಜ್ಞೆಯಿಂದ ಇದನ್ನು ತರಿಸಿಕೊಳ್ಳಬಹುದು. (ಆಜ್ಞೆಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು, ಇಲ್ಲಿ ಅವುಗಳ ಉಚ್ಚಾರಣೆಯನ್ನಷ್ಟೇ ಕೊಟ್ಟಿದೆ.) ಅನಂತರ ತಂತ್ರಾಂಶದ ಹೆಸರಿನ ಮುಂದೆ ಒಂದು ಅಡ್ಡಗೆರೆ, 'ವಿ' ಎಂಬ ಅಕ್ಷರ, ತೆರಪು, ಕನ್ನಡದ ಸಂಕೇತವಾದ 'ಕೆಎನ್', ಆ ಬಳಿಕ ಉದ್ಧರಣ ಚಿಹ್ನೆಗಳೊಳಗೆ ಒಂದು ಕನ್ನಡ ವಾಕ್ಯ, ಇಷ್ಟನ್ನು ಕೊಟ್ಟರೆ ಯಂತ್ರ ಓದಿ ಹೇಳುವುದು. ಮೊದಲ ಸಲ ಕೇಳಿದವರು ನಗುವುದುಂಟು. ನಗಲಿ, ತಿದ್ದುವ ಕೆಲಸ ಈಗಷ್ಟೇ ಆರಂಭವಾಗುವುದು.

ಅಡ್ಡಗೆರೆಯ ಮುಂದೆ 'ಎಸ್' ಎಂದು ಬರೆದು ಸಂಖ್ಯೆ ಕೊಟ್ಟರೆ ನಿಮಿಷಕ್ಕೆ ಎಷ್ಟು ಪದಗಳ ವೇಗವೆಂಬುದು ನಿಶ್ಚಯವಾಗುವುದು. ನಾವು ಏನೂ ಹೇಳದಿದ್ದರೆ 175. 'ಪಿ'ಯಿಂದ ಸ್ಥಾಯಿ: 0ಯಿಂದ 99ರವರೆಗೆ, ನಡುವಿನದು 50. 'ಎ'ಯಿಂದ ಸದ್ದಿನ ಗಟ್ಟಿತನ, 'ಜಿ'ಯಿಂದ ಪದಪದಗಳ ನಡುವಣ ಬಿಡುವು. 'ಪಿ'ಯನ್ನು ಮೇಲೇರಿಸಿದಾಗ ಈಸ್ಪೀಕ್ ಶೃಂಗಗಳನ್ನೂ ತುಸುವೇ ಮೇಲಕ್ಕೆ ಸರಿಸುವುದು. ಆದರೆ ಅಷ್ಟರಿಂದ ವ್ಯಕ್ತಿ ಬದಲಾದಂತೆ ತೋರುವುದಿಲ್ಲ. ವ್ಯಕ್ತಿಯನ್ನೇ ಬದಲಿಸಲು ಭಾಷೆಯ ಸಂಕೇತದ ಮುಂದೆ ಕೂಡಿಸುವ ಚಿಹ್ನೆಯನ್ನಿಟ್ಟು 'ಎಫ್2', 'ಎಂ3' ಎಂಬ ರೂಪಾಂತರಗಳ ಹೆಸರನ್ನು ಬರೆಯಬೇಕು. ಎಫ್ ಎಂದರೆ ಸ್ತ್ರೀಧ್ವನಿ, ಎಂ ಎಂದರೆ ಪುರುಷಧ್ವನಿ. ಪಿಸುಮಾತಿನ ರೂಪಾಂತರವೂ ಒಂದಿದೆ. ಮಡಿಕೆಗಳು ಅದುರದೆ ಬರಿಯ ಉಸಿರಿನಿಂದಲೇ ಮಾತು ಹುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಡ.

ಈ ರೂಪಾಂತರಗಳು ಗುಪ್ತವಿದ್ಯೆಯೇನಲ್ಲ. ಒಂದೊಂದೂ ಹತ್ತಾರು ಸಾಲುಗಳ ಸಾಧಾರಣ ಬರಹದ ಕಡತ. ಅದನ್ನು ತೆರೆದರೆ 'ಪಿಚ್' ಎಂಬ ಸಾಲಿನಲ್ಲಿ ಎರಡು ಸಂಖ್ಯೆಗಳಿರುವುವು: ಸ್ಥಾಯಿಯ ತಳ ಮತ್ತು ತುದಿ, ಹರ್ಟ್ಸ್‌ಗಳಲ್ಲಿ. ಹಾಗೆಯೇ ಬಿಟ್ಟರೆ ಅವು 82 ಮತ್ತು 118. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಮಾತಿನಲ್ಲಿ ಏರಿಳಿತ ಹೆಚ್ಚುವುದು. ಅಂತರವನ್ನು ಅಳಿಸಿಬಿಟ್ಟರೆ ಹುಡುಗರು ಮಗ್ಗಿ ಒಪ್ಪಿಸುವ ರಾಗ. ಮುಂದೆ 'ಫಾರ್ಮಂಟ್' ಎಂಬ ಸಾಲುಗಳು, ಶೃಂಗಕ್ಕೊಂದರಂತೆ. ಪ್ರತಿ ಸಾಲಿನಲ್ಲಿಯೂ ಆ ಶೃಂಗದ ಜಾಗ, ಬಲ, ಅಗಲ ಇವು ಮೂಲದ ನೂರಕ್ಕೆ ಎಷ್ಟರಷ್ಟಿರಬೇಕೆಂದು ಬರೆಯಲಾಗಿದೆ. ಒಂದರಿಂದ ಮೂರರವರೆಗಿನವು ಸ್ವರಗಳನ್ನು ಗುರುತಿಸಿಕೊಡುವುವು, ಅದಕ್ಕಿಂತ ಮೇಲಿನವು ಕಂಠದ ಬಣ್ಣವನ್ನು ನಿರ್ಣಯಿಸುವುವು. 'ರಫ್ನೆಸ್' ಎಂಬ ಇನ್ನೊಂದು ಸಾಲು ಒಂದು ಬಿಟ್ಟು ಒಂದು ಕಂಪನವನ್ನು ಕುಗ್ಗಿಸಿ ಧ್ವನಿಗೆ ಒಡಕನ್ನು ತರುವುದು. ಅದರ ವ್ಯಾಪ್ತಿ 0ಯಿಂದ 7. 'ಎಕೋ' ಎಂಬುದು ಮಾರ್ದನಿಯನ್ನು ಕೂಡಿಸುವುದು. ಹೆಚ್ಚು ಬಳಸಿದರೆ ಬಾವಿಯೊಳಗಿನಿಂದ ಮಾತನಾಡಿದ ಹಾಗಾಗುವುದು.

ಈಗ ಮೇಲಣ ಲೆಕ್ಕವನ್ನು ಪರೀಕ್ಷಿಸಿ ನೋಡಬಹುದು. ಒಂದು ರೂಪಾಂತರದ ಕಡತವನ್ನು ನಕಲು ಮಾಡಿ ಹೊಸ ಹೆಸರಿಡಿ. ಅದರಲ್ಲಿ ಮೊದಲು ಸ್ಥಾಯಿಯ ಸಂಖ್ಯೆಗಳನ್ನು 160, 230 ಎಂದು ಮಾಡಿ, ಶೃಂಗಗಳ ಜಾಗವನ್ನೆಲ್ಲ 100ರಲ್ಲಿಯೇ ಬಿಟ್ಟು ಓದಿಸಿ. ನಾಟಕದ ಸ್ತ್ರೀವೇಷದವನು ಬಂದೇ ಬರುವನು. ಆ ಬಳಿಕ ಮೊದಲನೆಯ ಶೃಂಗವನ್ನು 115ಕ್ಕೂ ಎರಡನೆಯ ಮೂರನೆಯವನ್ನು 120ರ ಸುಮಾರಿಗೂ ಏರಿಸಿ ಅದೇ ವಾಕ್ಯವನ್ನು ಮತ್ತೆ ಕೇಳಿ. ಗಂಟಲು ಗಿಡ್ಡದಾಯಿತೆಂದು ಕಿವಿ ಆ ಕ್ಷಣವೇ ಹೇಳುವುದು. ಇನ್ನೂ ಮೇಲಕ್ಕೆ ಹೋದರೆ ಮಗುವಿನ ಧ್ವನಿಯ ಕಡೆಗೆ ಸರಿಯುವುದು. ಹತ್ತು ವರ್ಷದ ಹುಡುಗಿಗೆ ಪ್ರೌಢ ಪುರುಷನ ಕಂಠವೇ ಗತಿಯಲ್ಲವೆಂದು ಹೇಳಬಲ್ಲುದು ಈ ಪದ್ಧತಿ. ಈ ಧ್ವನಿ ಅವಳದೇ ಎಂದು ಹೇಳಲಾಗದು. ಆದರೆ ಇನ್ನಾರದೂ ಅಲ್ಲ, ಅವಳೇ ಕುಳಿತು ತಿದ್ದಿಕೊಂಡುದು.

ಮುದ್ರಿಸಿದ ಮಾತಿನ ತುಣುಕುಗಳು

ಹಾಗಾದರೆ ಎಲ್ಲರೂ ಈಸ್ಪೀಕನ್ನೇ ಏಕೆ ಬಳಸುವುದಿಲ್ಲ? ಅದರ ಮಾತು ಯಾಂತ್ರಿಕ, ತಗಡಿನ ಡಬ್ಬಿಯೊಳಗಿನಿಂದ ಬಂದಂತಿರುವುದೆಂಬ ದೂರು ಸುಳ್ಳಲ್ಲ. ಎಂಟು ಶೃಂಗಗಳ ಲೆಕ್ಕದಲ್ಲಿ ಮನುಷ್ಯಕಂಠದ ಎಲ್ಲ ಸೊಗಸೂ ಸೆರೆಸಿಕ್ಕುವುದಿಲ್ಲ. ಸಹಜತೆ ಬೇಕೆಂಬವರು ನಿಜವಾದ ಮನುಷ್ಯನ ಮಾತನ್ನೇ ಮುದ್ರಿಸಿಕೊಂಡು, ತುಣುಕು ಮಾಡಿ, ಬೇಕಾದಾಗ ಹೊಲಿಯುವ ಹಾದಿ ಹಿಡಿದರು. ಒಂದು ಧ್ವನಿಯ ನಡುವಿನಿಂದ ಮುಂದಿನ ಧ್ವನಿಯ ನಡುವಿನವರೆಗೆ ಕತ್ತರಿಸಿದ ತುಣುಕನ್ನು ದ್ವಿಧ್ವನಿ ಎನ್ನಬಹುದು. ಭಾಷೆಯಲ್ಲಿ 50 ಧ್ವನಿಗಳಿದ್ದರೆ ಜೋಡಿಗಳು ಹೆಚ್ಚೆಂದರೆ 2,500. ಬೆಲ್ಜಿಯಮ್ ದೇಶದ ಮಾನ್ಸ್ ನಗರದಲ್ಲಿ ತಿಯರಿ ಡುಟ್ವಾ ಮತ್ತು ಸಂಗಡಿಗರು ರಚಿಸಿದ ಎಂಬ್ರೋಲಾ, ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಫೆಸ್ಟಿವಲ್, ಇವೆರಡೂ ಲಿನಕ್ಸ್ ಬಳಸುವವರಿಗೆ ಬಹುಕಾಲದಿಂದ ಪರಿಚಿತ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಮೇಶ್ ಹರಿಹರನ್ ಅವರು ಈ ಶತಮಾನದ ಆದಿಯಲ್ಲಿ ಆರಂಭಿಸಿದ 'ಧ್ವನಿ' ಎಂಬ ತಂತ್ರಾಂಶವೂ ತುಣುಕುಗಳನ್ನು ಹೊಲಿಯುವ ಪಂಗಡದ್ದೇ. ಕನ್ನಡ ಮತ್ತು ಹಿಂದಿಗಳಿಂದ ಮೊದಲಾದ ಅದನ್ನು ಮುಂದೆ ಸಂತೋಷ್ ತೊಟ್ಟಿಂಗಲ್ ಅವರು ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು.

ಈ ವಿಧಾನದಲ್ಲಿ ವೇಗವನ್ನೂ ಸ್ಥಾಯಿಯನ್ನೂ ಒಂದು ಮಿತಿಯೊಳಗೆ ತಿದ್ದಬಹುದು. ಮಿತಿ ದಾಟಿದರೆ ಹೊಲಿಗೆ ಬಿಚ್ಚಿಕೊಂಡಂತೆ ಕೇಳುವುದು. ಕಂಠವನ್ನಂತೂ ಹೀಗೆ ಹಾಗೆ ಮಾಡುವುದು ಕಷ್ಟ. ತುಣುಕುಗಳನ್ನು ಕೊಟ್ಟವರು ಯಾರೋ, ಧ್ವನಿಯೂ ಅವರದೇ.

2016ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ವೇವ್‌ನೆಟ್ ಎಂಬ ಕೃತಕ ನರಜಾಲವನ್ನು ಪ್ರಕಟಿಸಿದ ಮೇಲೆ ಇನ್ನೊಂದು ಯುಗ ಮೊದಲಾಯಿತು. ಒಬ್ಬರ ಗಂಟೆಗಟ್ಟಲೆ ಮಾತನ್ನು ಕೇಳಿಸಿ ಜಾಲವನ್ನು ಪಳಗಿಸಿದರೆ ಅದು ಅವರಂತೆಯೇ ಓದಬಲ್ಲುದು. ಲಿನಕ್ಸಿಗೆ 2023ರಲ್ಲಿ ಬಂದ ಪೈಪರ್ ಈ ಜಾತಿಯದು. ಅಂತರಜಾಲದ ಸಂಪರ್ಕವಿಲ್ಲದೆ, ಸಣ್ಣ ಕಂಪ್ಯೂಟರಿನಲ್ಲಿಯೂ ಕೆಲಸ ಮಾಡುವ ಇದರ ಧ್ವನಿಗಳು ಕೇಳಲು ಹಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ನಮಗೆ ಸಿಕ್ಕುವ ಕೀಲಿಗಳೆಷ್ಟು? ಮಾತಿನ ಅವಧಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಉಚ್ಚಾರಣೆಯ ಚಂಚಲತೆಯನ್ನು ಸ್ವಲ್ಪ ಹೆಚ್ಚುಕಡಮೆ ಮಾಡಬಹುದು. ಕೆಲವು ಜಾಲಗಳಲ್ಲಿ ಹಲವು ವ್ಯಕ್ತಿಗಳಿದ್ದು ಅವರಲ್ಲಿ ಒಬ್ಬರನ್ನು ಆರಿಸಬಹುದು. ಎರಡನೆಯ ಶೃಂಗವನ್ನು ನೂರಕ್ಕೆ ಇಪ್ಪತ್ತರಷ್ಟು ಮೇಲೆತ್ತೆಂದರೆ ಅದಕ್ಕೆ ತಿಳಿಯದು. ಜಾಲದೊಳಗಿನ ಲಕ್ಷಾಂತರ ಸಂಖ್ಯೆಗಳಲ್ಲಿ ಇದು ಶೃಂಗ, ಇದು ಸ್ಥಾಯಿ ಎಂಬ ಹೆಸರು ಯಾವುದಕ್ಕೂ ಇಲ್ಲ. ಹೆಸರಿಲ್ಲದುದನ್ನು ತಿರುಗಿಸುವ ಕೀಲಿಯನ್ನು ಎಲ್ಲಿಂದ ತರುವುದು? ಇನ್ನೊಂದು ಸ್ವಾರಸ್ಯವುಂಟು: ಬರಹವನ್ನು ಉಚ್ಚಾರಣೆಯ ಸಂಕೇತಗಳಾಗಿ ಬಿಡಿಸುವುದಕ್ಕೆ ಪೈಪರ್ ಆಶ್ರಯಿಸಿರುವುದು ಈಸ್ಪೀಕ್-ಎನ್‌ಜಿಯನ್ನೇ. ಮೊಮ್ಮಗನ ಇಂಪಾದ ಹಾಡಿಗೆ ಸಾಹಿತ್ಯ ಹೇಳಿಕೊಡುತ್ತಿರುವುದು ಒರಟು ದನಿಯ ಅಜ್ಜ!

ಆದುದರಿಂದ ಆಯ್ಕೆ ಉಪಯೋಗವನ್ನು ಅವಲಂಬಿಸಿರುವುದು. ಕತೆ ಪುಸ್ತಕವೊಂದನ್ನು ಆರಾಮವಾಗಿ ಕೇಳಬೇಕೆಂದಾದರೆ ಪೈಪರಿನಂತಹುದನ್ನು ಆರಿಸುವುದೇ ಲೇಸು. ಕಂಪ್ಯೂಟರಿನ ಪರದೆಯನ್ನು ಕಿವಿಯಿಂದ ನೋಡಬೇಕಾದವರ ಮಾತು ಬೇರೆ. ಲಿನಕ್ಸಿನಲ್ಲಿ ಅವರು ಬಳಸುವ ಓರ್ಕಾ ಎಂಬ ಪರದೆವಾಚಕವು ಸ್ಪೀಚ್ ಡಿಸ್ಪ್ಯಾಚರ್ ಎಂಬ ಮಧ್ಯವರ್ತಿಯ ಮೂಲಕ ಧ್ವನಿಯಂತ್ರವನ್ನು ಮಾತನಾಡಿಸುವುದು. ಹೆಚ್ಚಿನ ಕಡೆ ಆ ಯಂತ್ರ ಈಸ್ಪೀಕ್-ಎನ್‌ಜಿ. ಕೀಲಿಮಣೆಯ ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಅಕ್ಷರ ಕಿವಿಗೆ ಬೀಳಬೇಕು. ಇನ್ನೊಂದು ಗುಂಡಿ ಒತ್ತಿದರೆ ಹಿಂದಿನ ಮಾತು ಅಲ್ಲಿಯೇ ನಿಲ್ಲಬೇಕು. ಇಷ್ಟಲ್ಲದೆ, ಇಂಗ್ಲಿಷಿನ ದೊಡ್ಡಕ್ಷರ ಬಂದಾಗ ಒಂದು ಸ್ಥಾಯಿ, ಕೊಂಡಿ ಬಂದಾಗ ಇನ್ನೊಂದು ಧ್ವನಿ ಎಂದು ಓರ್ಕಾದಲ್ಲಿ ಗೊತ್ತುಮಾಡಿಕೊಳ್ಳಬಹುದು. ಕಣ್ಣಿಗೆ ಬಣ್ಣ ಹೇಗೋ ಈ ಕಿವಿಗಳಿಗೆ ಸ್ಥಾಯಿ ಹಾಗೆ. ತಿದ್ದಬಲ್ಲ ಧ್ವನಿಯೆಂಬುದು ಇಲ್ಲಿ ಅಲಂಕಾರವಲ್ಲ, ವಿರಾಮಚಿಹ್ನೆ. ಅಭ್ಯಾಸವಾದ ಕೇಳುಗರು ನಿಮಿಷಕ್ಕೆ 400 ಪದಗಳ ವೇಗವನ್ನೂ ನಿರಾಯಾಸವಾಗಿ ಹಿಂಬಾಲಿಸುವುದುಂಟು. ಅಂಥ ವೇಗದಲ್ಲಿ ಸೊಗಸಾದ ಧ್ವನಿಗಿಂತ ಒರಟಾದರೂ ಖಚಿತವಾದ ಧ್ವನಿಯೇ ಬೇಕೆನ್ನುವವರು ಅವರಲ್ಲಿ ಅನೇಕರು.

ಕನ್ನಡಕ್ಕೆ ಬಂದಾಗ

ವೇಗದ ವಿಷಯದಲ್ಲಿ ಕನ್ನಡದ ಕೇಳುಗರಿಗೆ ಒಂದು ವಿಶೇಷ ತೊಡಕುಂಟು. ನಮ್ಮಲ್ಲಿ 'ಬಲ'ಕ್ಕೂ 'ಬಾಲ'ಕ್ಕೂ, 'ಹಳಿ'ಗೂ 'ಹಳ್ಳಿ'ಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಕಾಲದ ವ್ಯತ್ಯಾಸ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ಛಂದಸ್ಸಿನ ಪಾಠದಲ್ಲಿ ಓದಿದುದು ಇಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುವುದು. ವೇಗ ಹೆಚ್ಚಿಸುವಾಗ ಮಾತ್ರೆಗಳ ಪರಸ್ಪರ ಪ್ರಮಾಣ ಕೆಡದಂತಿದ್ದರೆ ಸರಿ; ದೀರ್ಘಗಳೇ ಹೆಚ್ಚು ಸವೆದುಹೋದರೆ, ಒತ್ತಕ್ಷರದ ತಡೆ ಅಳಿದುಹೋದರೆ, ಅರ್ಥಕ್ಕೇ ಭಂಗ. 'ಕತ್ತೆ' ಎಂದು ಬರೆದಲ್ಲಿ 'ಕತೆ' ಕೇಳಿಸಿದರೆ ನಗಬಹುದು, ಪರೀಕ್ಷೆಯ ಹಿಂದಿನ ದಿನ ನಗು ಬರುವುದಿಲ್ಲ. ಆದಕಾರಣ ಕನ್ನಡಕ್ಕಾಗಿ ತಂತ್ರಾಂಶವನ್ನು ಪರೀಕ್ಷಿಸುವವರು ಇಂತಹ ಜೋಡಿಪದಗಳ ಪಟ್ಟಿಯೊಂದನ್ನು ಮಾಡಿಕೊಂಡು 175, 250, 350, 450 ಹೀಗೆ ವೇಗವನ್ನು ಏರಿಸುತ್ತ, ಪಟ್ಟಿಯನ್ನು ನೋಡದ ಗೆಳೆಯನೊಬ್ಬನಿಗೆ ಕೇಳಿಸಿ, ಅವನು ಬರೆದುಕೊಂಡುದನ್ನು ತಾಳೆ ನೋಡುವುದು ಒಳ್ಳೆಯದು. ಪೈಪರಿನಂತಹವುಗಳಲ್ಲಿ ಅವಧಿಯನ್ನು ಅರ್ಧಕ್ಕಿಳಿಸಿ ಇದೇ ಪರೀಕ್ಷೆಯನ್ನು ನಡೆಸಬಹುದು. ಕಾಲೇಜಿನ ವಿಜ್ಞಾನ ಸಂಘಗಳಿಗೆ ಖರ್ಚಿಲ್ಲದ, ಆದರೂ ನಿಜವಾಗಿ ಕೆಲವರಿಗೆ ಬೇಕಾದ ಪ್ರಯೋಗವಿದು.

ಬರೆದಂತೆ ಓದುವ ಭಾಷೆ ನಮ್ಮದೆಂದು ಹೇಳಿಕೊಳ್ಳುವೆವಾದರೂ ಯಂತ್ರಕ್ಕೆ ಅದು ಅಷ್ಟು ಸರಾಗವಲ್ಲ. ಸೊನ್ನೆಯನ್ನೇ ನೋಡಿ. 'ಅಂಗಡಿ', 'ಅಂಚೆ', 'ಅಂಡ', 'ಅಂತ', 'ಅಂಬು' ಈ ಐದು ಪದಗಳಲ್ಲಿ ಬರೆಯುವ ಸೊನ್ನೆ ಒಂದೇ, ಉಚ್ಚರಿಸುವ ಅನುನಾಸಿಕ ಐದು. 'ಸಂಶಯ', 'ಸಿಂಹ' ಎಂಬಲ್ಲಿ ಇನ್ನೂ ಬೇರೆ. 'ಫಲ'ದಲ್ಲಿನ ಫಕಾರವೇ ಒಂದು, 'ಫ್ಯಾನ್'ನಲ್ಲಿನದೇ ಒಂದು. 1952 ಎಂಬುದನ್ನು ಇಸವಿಯೆಂದು ತಿಳಿದು ಓದುವುದೇ ಬೇರೆ, ಬಿಡಿ ಅಂಕಿಗಳಾಗಿ ಓದುವುದೇ ಬೇರೆ. ಈಸ್ಪೀಕಿಗೆ ಇವನ್ನೆಲ್ಲ ಹೇಳಿಕೊಡುವುದು ಎರಡು ಕಡತಗಳು: ಒಂದರಲ್ಲಿ ಯಾವ ಅಕ್ಷರ ಯಾವ ನೆರೆಯಲ್ಲಿ ಹೇಗೆ ನುಡಿಯಬೇಕೆಂಬ ನಿಯಮಗಳು, ಇನ್ನೊಂದರಲ್ಲಿ ನಿಯಮಕ್ಕೆ ಒಗ್ಗದ ಪದಗಳೂ ಸಂಖ್ಯೆಗಳ ಹೆಸರುಗಳೂ. ಇವು ಕೂಡ ಮೂಲಪ್ರತಿಯೊಡನೆ ಬಹಿರಂಗವಾಗಿಯೇ ದೊರೆಯುವುವು. ಯಾವುದಾದರೂ ಪದದ ಉಚ್ಚಾರಣೆ ತಪ್ಪೆಂದು ಕಂಡರೆ, ಅಡ್ಡಗೆರೆಯ ಮುಂದೆ 'ಎಕ್ಸ್' ಎಂಬ ಅಕ್ಷರವನ್ನಿಟ್ಟು ಆ ಪದವನ್ನು ಓದಿಸಬೇಕು. ಯಂತ್ರ ಅದನ್ನು ಯಾವ ಧ್ವನಿಗಳಾಗಿ ಬಿಡಿಸಿತೆಂಬುದು ಪರದೆಯ ಮೇಲೆ ಮೂಡುವುದು. ತಪ್ಪಿದ ಧ್ವನಿಯನ್ನು ಗುರುತಿಸಿ, ಪದಗಳ ಕಡತದಲ್ಲಿ ಒಂದು ಹೊಸ ಸಾಲಿನಲ್ಲಿ ಆ ಪದವನ್ನೂ ಅದರ ಮುಂದೆ ಸರಿಯಾದ ಧ್ವನಿಸಂಕೇತಗಳನ್ನೂ ಬರೆದು, 'ಕಂಪೈಲ್' ಎಂಬ ಆಜ್ಞೆಯಿಂದ ಕನ್ನಡದ ನಿಘಂಟನ್ನು ಮತ್ತೆ ಕಟ್ಟಿಸಿದರೆ, ಮುಂದಿನ ಸಲ ಯಂತ್ರವು ಆ ಪದವನ್ನು ನಾವು ತಿದ್ದಿದ ಹಾಗೆಯೇ ನುಡಿಯುವುದು.